ಆಸ್ಪತ್ರೆಗೆ ಒಮ್ಮೆಯೂ ಸೇರದ ಮಗುವಿಗೆ ಎಂಆರ್‌ಎಸ್‌ಎ ಹೇಗೆ ಬಂತು? ಪದೇ ಪದೇ ಕುರು ಏಳುತ್ತಿದೆ, ದಯವಿಟ್ಟು ತಿಳಿದವರು ಹೇಳಿ

ತೀರ್ಥಹಳ್ಳಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಉತ್ತರ ಕೊಡಿ.

ನನ್ನ ಮಗ ನಾಲ್ಕನೇ ಕ್ಲಾಸು. ಬೇಸಿಗೆ ರಜೆಯಲ್ಲಿ ತೊಡೆಯ ಹಿಂದೆ ಒಂದು ಕುರು ಎದ್ದಿತು. ಮಾವಿನಹಣ್ಣು ಜಾಸ್ತಿ ತಿಂದು ಉಷ್ಣ ಆಗಿದೆ ಅಂತ ಅತ್ತೆ ಹೇಳಿದರು, ನಮ್ಮ ಕಡೆ ಎಲ್ಲರೂ ಹೇಳುವುದು ಅದನ್ನೇ. ಡಾಕ್ಟರ್ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ ಬರೆದರು. ಕುರು ಒಡೆದು ಕೀವು ಹೋಯಿತು, ಗಾಯ ಮಾಯಿತು. ಸ್ಕೂಲು ಶುರುವಾಗುವ ಹೊತ್ತಿಗೆ ಪಿರ್ರೆ ಮೇಲೆ ಇನ್ನೊಂದು. ಆಮೇಲೆ ಮಂಡಿ ಹತ್ತಿರ. ಪ್ರತಿ ಸಲ ಸಿರಪ್ಪಿನ ಹೆಸರು ಬದಲಾಗುತ್ತದೆ, ಕುರು ಮಾತ್ರ ತಿರುಗಿ ಬರುತ್ತದೆ.

ಈ ಸಲ ಮಂಡಿ ಹತ್ತಿರದ್ದು ನಿಂಬೆಹಣ್ಣಿನಷ್ಟು ಆಗಿ ಅವನಿಗೆ ಕಾಲು ಮಡಚಲಿಕ್ಕೇ ಆಗಲಿಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಸರ್ಜನ್ ಜಾಗ ಮರಗಟ್ಟಿಸಿ ಕೊಯ್ದು ಕೀವು ತೆಗೆದರು, ಒಂದಿಷ್ಟನ್ನು ಕಲ್ಚರ್‌ಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್‌ನಲ್ಲಿ ಸ್ಟ್ಯಾಫಿಲೋಕಾಕಸ್ ಔರಿಯಸ್ (ಸ್ಟ್ಯಾಫ್) ಅನ್ನುವ ಬ್ಯಾಕ್ಟೀರಿಯಾ, ಅದೂ ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್ ಅನ್ನುವ ಆಂಟಿಬಯಾಟಿಕ್‌ಗೆ ಬಗ್ಗದ್ದು ಅಂತ ಬಂದಿದೆ. ಕೆಳಗೆ ಉದ್ದಕ್ಕೆ ಔಷಧಿಗಳ ಹೆಸರು, ಪಕ್ಕದಲ್ಲಿ ಕೆಲವಕ್ಕೆ ಎಸ್, ಕೆಲವಕ್ಕೆ ಆರ್.

ನೆಟ್‌ನಲ್ಲಿ ನೋಡಿದರೆ ಇದು ಐಸಿಯುನಲ್ಲಿ ಇರುವವರಿಗೆ, ಆಪರೇಷನ್ ಆದವರಿಗೆ ಬರುವ ಸೋಂಕು ಅಂತ ಬರೆದಿದ್ದಾರೆ. ನನ್ನ ಮಗ ಹುಟ್ಟಿದಾಗಿನಿಂದ ಆಸ್ಪತ್ರೆಯಲ್ಲಿ ಒಂದು ರಾತ್ರಿಯೂ ಮಲಗಿದವನಲ್ಲ. ಈಗ ಚಿಕ್ಕ ಮಗಳ ಕುತ್ತಿಗೆ ಮೇಲೂ ಅಂಥದೇ ಕೆಂಪು ಗುಳ್ಳೆ ಎದ್ದಿದೆ. ಯಜಮಾನರಿಗೆ ಕಂಕುಳಲ್ಲಿ ಒಂದಿದೆ.

ನನಗೆ ನಿಜಕ್ಕೂ ಹೆದರಿಕೆ ಆಗಿದೆ. ನಾದಿನಿ ಹೆರಿಗೆಗೆ ನಮ್ಮ ಮನೆಗೇ ಬರುವವಳಿದ್ದಾಳೆ, ಹಸುಗೂಸು ಇರುವ ಮನೆಯಲ್ಲಿ ಇದನ್ನು ಇಟ್ಟುಕೊಂಡು ಹೇಗೆ? ಸ್ಕೂಲಿಗೆ ಹೇಳಬೇಕಾ? ಪಕ್ಕದ ಮನೆಯವರು ಆಗಲೇ ಮಕ್ಕಳನ್ನು ಆಟಕ್ಕೆ ಕಳಿಸುತ್ತಿಲ್ಲ. ಮತ್ತೆ ಆ ರಿಪೋರ್ಟ್ ಓದುವುದು ಹೇಗೆ ಅಂತ ಯಾರಾದರೂ ಬಿಡಿಸಿ ಹೇಳಿ.

*

ದಾವಣಗೆರೆ ಲ್ಯಾಬ್:

ಅಕ್ಕ, ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಔಷಧಿ ಬರೆಯುವುದು ಡಾಕ್ಟರ ಕೆಲಸ, ರಿಪೋರ್ಟ್ ಓದುವುದು ಹೇಗೆ ಅಂತ ನಾನು ಹೇಳುತ್ತೇನೆ.

ಎಸ್ ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ. ಮೊದಲು ಸೆಫಾಕ್ಸಿಟಿನ್ ಅನ್ನುವ ಸಾಲು ಹುಡುಕಿ. ಆ ಔಷಧಿಯನ್ನು ನಿಮ್ಮ ಮಗನಿಗೆ ಯಾರೂ ಕೊಡುವುದಿಲ್ಲ. ಈ ಸ್ಟ್ಯಾಫ್ ಎಂಆರ್‌ಎಸ್‌ಎ ಹೌದೋ ಅಲ್ಲವೋ ಅಂತ ಪತ್ತೆ ಮಾಡಲಿಕ್ಕೆ ನಾವು ಅದನ್ನು ಹಾಕುತ್ತೇವೆ. ಅದರ ಮುಂದೆ ಆರ್ ಇದ್ದರೆ ಪೆನಿಸಿಲಿನ್ ಮತ್ತು ಅದರ ಸಂಬಂಧಿ ಸೆಫಲೋಸ್ಪೊರಿನ್ ಗುಂಪಿನ ಮಾಮೂಲಿ ಔಷಧಿಗಳನ್ನು ಹೊಡೆದುಹಾಕಿಬಿಡಿ. ಅಮಾಕ್ಸಿಸಿಲಿನ್, ಕ್ಲಾವುಲನೇಟ್ ಸೇರಿಸಿದ್ದು, ಕ್ಲಾಕ್ಸಾಸಿಲಿನ್, ಸೆಫಲೆಕ್ಸಿನ್, ಸೆಫಿಕ್ಸಿಮ್, ಸೆಫ್‌ಪೊಡಾಕ್ಸಿಮ್, ಯಾವುದೂ ನಾಟುವುದಿಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ಬರೆಯುವ ಸಿರಪ್‌ಗಳು ಹೆಚ್ಚಿನವು ಇದೇ ಪಟ್ಟಿಯವು ಅಲ್ವಾ, ಹೆಸರು ಬದಲಾದರೂ ಕುರು ತಿರುಗಿ ಬರುತ್ತಿದ್ದುದಕ್ಕೆ ಇದೂ ಒಂದು ಕಾರಣ ಇರಬಹುದು.

ಯಾಕೆ ನಾಟುವುದಿಲ್ಲ ಅಂದರೆ, ಈ ಔಷಧಿಗಳು ಕೆಲಸ ಮಾಡುವುದು ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟುವಾಗ. ಗೋಡೆ ಕಟ್ಟುವ ಪ್ರೋಟೀನಿಗೆ ಔಷಧಿ ಹೋಗಿ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಎಂಆರ್‌ಎಸ್‌ಎ ಹತ್ತಿರ ಮೆಕ್‌ಎ ಅನ್ನುವ ಒಂದು ಜೀನ್ ಜಾಸ್ತಿ ಇದೆ, ಅದು ಬೇರೆ ಥರದ ಪ್ರೋಟೀನ್ ಮಾಡಿಕೊಡುತ್ತದೆ, ಅದಕ್ಕೆ ಔಷಧಿ ಅಂಟುವುದೇ ಇಲ್ಲ. ಕ್ಲಾವುಲನೇಟ್ ಸೇರಿಸಿದರೂ ಪ್ರಯೋಜನ ಇಲ್ಲ, ಯಾಕೆಂದರೆ ಅದು ತಡೆಯುವುದು ಔಷಧಿಯನ್ನು ಒಡೆಯುವ ಕಿಣ್ವವನ್ನು. ಇಲ್ಲಿರುವ ತೊಂದರೆಯೇ ಬೇರೆ.

ಎರಡನೆಯದು ಕ್ಲಿಂಡಾಮೈಸಿನ್ ಸಾಲು. ಇದನ್ನು ಸ್ವಲ್ಪ ಗಮನ ಕೊಟ್ಟು ನೋಡಬೇಕು. ಪ್ಲೇಟ್ ಮೇಲೆ ಬ್ಯಾಕ್ಟೀರಿಯಾ ಹರಡಿ, ಔಷಧಿ ಅದ್ದಿದ ಚಿಕ್ಕ ಚಿಕ್ಕ ಡಿಸ್ಕ್ ಇಟ್ಟು ರಾತ್ರಿಯಿಡೀ ಬಿಡುತ್ತೇವೆ. ಬೆಳಿಗ್ಗೆ ನೋಡಿದಾಗ ಔಷಧಿ ಕೆಲಸ ಮಾಡಿದ ಕಡೆ ಡಿಸ್ಕ್ ಸುತ್ತ ಏನೂ ಬೆಳೆಯದೆ ದುಂಡಗೆ ಖಾಲಿ ಇರುತ್ತದೆ. ಕೆಲವು ಸ್ಟ್ಯಾಫ್‌ಗಳಲ್ಲಿ ಕ್ಲಿಂಡಾಮೈಸಿನ್ ಸುತ್ತ ಚೆನ್ನಾಗಿಯೇ ಖಾಲಿ ಕಾಣುತ್ತದೆ, ಆದರೆ ಪಕ್ಕದಲ್ಲಿ ಎರಿಥ್ರೋಮೈಸಿನ್ ಡಿಸ್ಕ್ ಇಟ್ಟರೆ ಆ ಬದಿಗೆ ದುಂಡು ಚಪ್ಪಟೆಯಾಗಿಬಿಡುತ್ತದೆ, ನೋಡಲಿಕ್ಕೆ ಇಂಗ್ಲಿಷಿನ ಡಿ ಅಕ್ಷರದ ಹಾಗೆ. ಅದಕ್ಕೇ ಡಿ ಟೆಸ್ಟ್ ಅನ್ನುತ್ತೇವೆ. ಡಿ ಟೆಸ್ಟ್ ಪಾಸಿಟಿವ್ ಅಂದರೆ ಕ್ಲಿಂಡಾಮೈಸಿನ್ ಕೊಡುತ್ತಾ ಹೋದ ಹಾಗೆ ಅದಕ್ಕೂ ಬ್ಯಾಕ್ಟೀರಿಯಾ ಬಗ್ಗದೆ ಹೋಗಬಹುದು. ರಿಪೋರ್ಟ್‌ನ ಕೆಳಗೆ ಷರಾ ಅಂತ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಓದದೆ ಬಿಡಬೇಡಿ, ಡಾಕ್ಟರ್‌ಗೆ ಬೆರಳಿಟ್ಟು ತೋರಿಸಿ.

ವ್ಯಾಂಕೋಮೈಸಿನ್, ಲಿನೆಝೋಲಿಡ್ ಮುಂದೆ ಎಸ್ ಇರುತ್ತದೆ, ಅದನ್ನು ನೋಡಿ ಅದನ್ನೇ ಕೊಡಿ ಅಂತ ಕೇಳಬೇಡಿ. ಅವು ಮಗು ತೀರಾ ಹುಷಾರಿಲ್ಲದೆ ಅಡ್ಮಿಟ್ ಆದಾಗ ಬೇಕಾಗುವ ಔಷಧಿಗಳು. ಕೈಕಾಲಿನ ಕುರುವಿಗೆ ಅವುಗಳನ್ನು ಖರ್ಚು ಮಾಡಿದರೆ ನಾಳೆ ಉಳಿಯುವುದು ಏನು?

ಇನ್ನೊಂದು ಮಾತು ಎಲ್ಲ ತಂದೆತಾಯಿಯರಿಗೆ. ಆಂಟಿಬಯಾಟಿಕ್ ಶುರು ಮಾಡುವ ಮೊದಲು ಕೀವು ಕಳಿಸಿ. ನಮ್ಮ ಟೇಬಲ್ಲಿಗೆ ಬರುವ ಎಷ್ಟೋ ಸ್ಯಾಂಪಲ್‌ಗಳು ನಾಲ್ಕೈದು ದಿನ ಏನೇನೋ ಮಾತ್ರೆ ನುಂಗಿದ ಮೇಲೆ, ಗಾಯದ ಮೇಲ್ಭಾಗ ಸುಮ್ನೆ ಒರೆಸಿ ತಂದವು. ಅದರಲ್ಲಿ ಒಂದೋ ಏನೂ ಬೆಳೆಯುವುದಿಲ್ಲ, ಇಲ್ಲ ಚರ್ಮದ ಮೇಲಿನ ಬೇರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒಳಗಿನ ಕೀವು ಸಿರಿಂಜ್‌ನಲ್ಲಿ ಬಂದರೆ ಎರಡು ಮೂರು ದಿನದಲ್ಲಿ ನಂಬುವಂಥ ಉತ್ತರ ಕೊಡಬಹುದು.

*

ಶಿಕಾಗೋ ಸಿಸ್ಟರ್:

ನಮಸ್ತೆ ಅಕ್ಕ. ನಾನು ಹಾಸನದವಳು, ಇಲ್ಲಿ ಮಕ್ಕಳ ವಾರ್ಡಿನಲ್ಲಿ ನರ್ಸ್. ನೀವು ಕೇಳಿದ ಪ್ರಶ್ನೆಯನ್ನೇ ಈ ಊರಿನ ಡಾಕ್ಟರ್‌ಗಳು 1990ರ ದಶಕದಲ್ಲಿ ಕೇಳಿಕೊಂಡರು.

ಮೆಥಿಸಿಲಿನ್ ಔಷಧಿ ಬಂದದ್ದು 1959ರಲ್ಲಿ, ಅದಕ್ಕೆ ಬಗ್ಗದ ಸ್ಟ್ಯಾಫ್ ಬ್ರಿಟನ್ನಿನಲ್ಲಿ ಕಂಡದ್ದು 1961ರಲ್ಲಿ. ಆಮೇಲೆ ಮೂವತ್ತು ವರ್ಷ ಇದು ಹೆಚ್ಚಾಗಿ ಆಸ್ಪತ್ರೆಯ ಕಾಯಿಲೆ ಆಗಿಯೇ ಇತ್ತು. ನೀವು ನೆಟ್‌ನಲ್ಲಿ ಓದಿದ್ದು ಆ ಕಾಲದ ಮಾತು. ಶಿಕಾಗೋದ ಮಕ್ಕಳ ಆಸ್ಪತ್ರೆಯೊಂದರ ಡಾಕ್ಟರ್‌ಗಳು ಹಳೆಯ ದಾಖಲೆ ತೆಗೆದು ನೋಡಿ 1998ರಲ್ಲಿ ಪ್ರಕಟಿಸಿದರು: ಹಿಂದೆ ಆಸ್ಪತ್ರೆ ಸೇರದ, ಬೇರೆ ಕಾಯಿಲೆಯೂ ಇಲ್ಲದ ಮಕ್ಕಳು ಎಂಆರ್‌ಎಸ್‌ಎ ಹತ್ತಿಸಿಕೊಂಡು ದಾಖಲಾಗುವುದು 1988-90ರಲ್ಲಿ ಒಂದು ಲಕ್ಷ ದಾಖಲಾತಿಗೆ 10 ಇದ್ದದ್ದು 1993-95ರಲ್ಲಿ 259 ಆಗಿತ್ತು. ಮೊದಮೊದಲು ಎಷ್ಟೋ ಜನ ನಂಬಲಿಲ್ಲ, ಎಲ್ಲೋ ಆಸ್ಪತ್ರೆಯ ಸಂಪರ್ಕ ಇರಲೇಬೇಕು ಅಂದರು.

1999ರಲ್ಲಿ ಆ ಅನುಮಾನ ಹೋಯಿತು. ಮಿನ್ನೆಸೋಟ ಮತ್ತು ನಾರ್ತ್ ಡಕೋಟ ರಾಜ್ಯಗಳಲ್ಲಿ 1997ರಿಂದ 1999ರ ನಡುವೆ ನಾಲ್ಕು ಮಕ್ಕಳು ಇದರಿಂದ ತೀರಿಕೊಂಡಿದ್ದರು. ಒಂದು ವರ್ಷದ ಕೂಸಿನಿಂದ ಹದಿಮೂರು ವರ್ಷದ ಹುಡುಗಿಯವರೆಗೆ, ಎಲ್ಲರೂ ಆರೋಗ್ಯವಾಗಿದ್ದ ಮಕ್ಕಳು. ಎಲ್ಲರಿಗೂ ಮೊದಲು ಕೊಟ್ಟದ್ದು ಸೆಫಲೋಸ್ಪೊರಿನ್ ಗುಂಪಿನ ಆಂಟಿಬಯಾಟಿಕ್, ಮೇಲೆ ಲ್ಯಾಬ್ ತಮ್ಮ ಹೇಳಿದ ಹಾಗೆ ನಾಟದೇ ಇರುವಂಥದ್ದು. ಹೆದರಿಸಲಿಕ್ಕೆ ಹೇಳುತ್ತಿಲ್ಲ. ಲಕ್ಷಾಂತರ ಮಕ್ಕಳಿಗೆ ಇದು ಬರೀ ಕುರು ಆಗಿ ಬಂದು ಹೋಗುತ್ತದೆ. ಆದರೆ ಆ ನಾಲ್ಕು ಸಾವುಗಳ ಮೇಲೆಯೇ ಇಲ್ಲಿ ಡಾಕ್ಟರ್‌ಗಳು ಮಕ್ಕಳ ಕೀವನ್ನು ಕಲ್ಚರ್‌ಗೆ ಕಳಿಸುವುದನ್ನು ಗಂಭೀರವಾಗಿ ತೆಗೆದುಕೊಂಡದ್ದು. 2006ರಲ್ಲಿ ಬಂದ ಅಧ್ಯಯನದಲ್ಲಿ ಹನ್ನೊಂದು ನಗರಗಳ ತುರ್ತು ಚಿಕಿತ್ಸಾ ಘಟಕಗಳಿಗೆ ಕೀವು ತುಂಬಿದ ಚರ್ಮದ ಸೋಂಕಿನಿಂದ ಬಂದ ದೊಡ್ಡವರಲ್ಲಿ ಶೇ. 59 ಜನರಿಗೆ ಎಂಆರ್‌ಎಸ್‌ಎ ಇತ್ತು.

ನಮ್ಮ ಭಾರತದ ಕಡೆಯದು ಅಮೆರಿಕದಿಂದ ಬಂದದ್ದಲ್ಲ. ನಮ್ಮಲ್ಲಿ ಸಮುದಾಯದಲ್ಲಿ ಹರಡಿರುವ ತಳಿಗಳಲ್ಲಿ ಮುಖ್ಯವಾದ ಒಂದಕ್ಕೆ ಬಂಗಾಳ ಕೊಲ್ಲಿ ತಳಿ ಅಂತಲೇ ಹೆಸರು, ಲ್ಯಾಬ್ ಭಾಷೆಯಲ್ಲಿ ಎಸ್‌ಟಿ772. ಬೆಂಗಳೂರಿನ ಸಂಶೋಧಕರೂ ಇದರ ಮೇಲೆ ಕೆಲಸ ಮಾಡಿದ್ದಾರೆ. 2019ರಲ್ಲಿ ಇದರ ಜೀನೋಮ್ ಓದಿ ವಂಶಾವಳಿ ಬಿಡಿಸಿದಾಗ ಗೊತ್ತಾದದ್ದು, ಇದು ಭಾರತ ಉಪಖಂಡದಲ್ಲೇ ಹುಟ್ಟಿ, 1990ರ ದಶಕದಲ್ಲಿ ಹಲವು ಔಷಧಿಗಳಿಗೆ ಒಟ್ಟಿಗೆ ಬಗ್ಗದಂತಾಗಿ, ಆಮೇಲೆ ಪ್ರಯಾಣ ಮಾಡುವವರ ಜೊತೆ, ಕುಟುಂಬಗಳ ಜೊತೆ ಬೇರೆ ದೇಶಗಳಿಗೆ ಹೋಗಿದೆ. ಎರಿಥ್ರೋಮೈಸಿನ್, ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್‌ಗೂ ಇದು ಸಾಮಾನ್ಯವಾಗಿ ಜಗ್ಗುವುದಿಲ್ಲ. ಹಾಗಾಗಿ ಅಮೆರಿಕದ ವೆಬ್‌ಸೈಟ್ ನೋಡಿ ಇಂಥ ಮಾತ್ರೆ ಸಾಕು ಅಂತ ಅಲ್ಲಿ ತೀರ್ಮಾನ ಮಾಡಬೇಡಿ, ನಿಮ್ಮ ಮಗನ ರಿಪೋರ್ಟೇ ನಿಮಗೆ ಆಧಾರ.

ಇನ್ನು ಸಮಾಧಾನದ ಮಾತು. ನಿಮ್ಮ ಸರ್ಜನ್ ಕೊಯ್ದು ಕೀವು ತೆಗೆದರಲ್ಲ, ಚಿಕಿತ್ಸೆಯ ದೊಡ್ಡ ಪಾಲು ಅದೇ. 2017ರಲ್ಲಿ 786 ಜನರ ಮೇಲೆ, ಅದರಲ್ಲಿ 281 ಮಕ್ಕಳು, ಒಂದು ಪ್ರಯೋಗ ಆಯಿತು. ಎಲ್ಲರಿಗೂ ಚಿಕ್ಕ ಕುರು, ಎಲ್ಲರಿಗೂ ಕೊಯ್ದು ಕೀವು ತೆಗೆದರು. ಆಮೇಲೆ ಬರೀ ಔಷಧಿ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲೂ ಶೇ. 68.9 ಜನಕ್ಕೆ ವಾಸಿ ಆಯಿತು. ಕ್ಲಿಂಡಾಮೈಸಿನ್ ಕೊಟ್ಟವರಲ್ಲಿ ಶೇ. 83.1, ಕೋಟ್ರೈಮಾಕ್ಸಜೋಲ್ ಕೊಟ್ಟವರಲ್ಲಿ ಶೇ. 81.7. ಎರಡೂ ಹಳೆಯ, ಅಗ್ಗದ ಔಷಧಿಗಳು. ಎಂಆರ್‌ಎಸ್‌ಎ ಅಂದ ತಕ್ಷಣ ಔಷಧಿಯೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

*

ಹಿತ್ತಲ ಮದ್ದು:

ಇಷ್ಟೆಲ್ಲ ಇಂಗ್ಲಿಷ್ ಔಷಧಿ ಬೇಡ ಮೇಡಂ. ಇದು ರಕ್ತ ಕೆಟ್ಟು ಬರುವುದು. ನಮ್ಮ ಅಜ್ಜಿ ಸುಣ್ಣ-ಬೆಲ್ಲದ ಪಟ್ಟು ಹಾಕುತ್ತಿದ್ದರು, ಎರಡೇ ದಿನಕ್ಕೆ ಬಾಯಿ ಬಿಟ್ಟು ಕೀವು ಇಳಿಯುತ್ತಿತ್ತು. ಬೇವಿನ ಸೊಪ್ಪು ಹಾಕಿ ಕಾಸಿದ ನೀರಲ್ಲಿ ಸ್ನಾನ ಮಾಡಿಸಿ, ಮಾವು, ಮೊಟ್ಟೆ, ಬದನೆಕಾಯಿ ನಿಲ್ಲಿಸಿ. ನಾವೆಲ್ಲ ಹೀಗೇ ಬೆಳೆದದ್ದು.

*

ಹುಬ್ಬಳ್ಳಿ ಮಕ್ಕಳ ಡಾಕ್ಟರ್:

ಹಿತ್ತಲ ಮದ್ದು ಅವರೇ, ನಿಮ್ಮ ಅಜ್ಜಿಗೆ ಗೊತ್ತಿದ್ದದ್ದು ದೊಡ್ಡ ವಿಷಯವೇ: ಕೀವು ಹೊರಗೆ ಬರಬೇಕು. ಅದನ್ನೇ ನಾವೂ ಹೇಳುವುದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ ಶಾಖ ಕೊಡಿ, ಒಳ್ಳೆಯದೇ. ಸುಣ್ಣ ಮಾತ್ರ ಬೇಡ, ಮಕ್ಕಳ ಚರ್ಮ ಸುಟ್ಟು ಅಲ್ಲೇ ಹೊಸ ಗಾಯ ಆದದ್ದನ್ನು ನಾನು ನೋಡಿದ್ದೇನೆ. ಮಾವಿನಹಣ್ಣಿಗೂ ಇದಕ್ಕೂ ಸಂಬಂಧ ಇಲ್ಲ. ಮಾವಿನ ಕಾಲದಲ್ಲಿ ಸೆಕೆ, ಬೆವರು, ಸೊಳ್ಳೆ ಕಚ್ಚಿ ಕೆರೆದ ಗಾಯ, ರಜೆಗೆ ಹತ್ತು ಮಕ್ಕಳು ಒಂದೇ ಹಾಸಿಗೆಯಲ್ಲಿ ಮಲಗುವುದು, ಇದೆಲ್ಲ ಒಟ್ಟಿಗೆ ಬರುತ್ತದೆ. ಮಗುವಿಗೆ ಹಣ್ಣು ಕೊಡಿ, ಮೊಟ್ಟೆ ಕೊಡಿ. ಗಾಯ ಮಾಯಬೇಕಾದರೆ ಊಟ ಬೇಕು.

ತೀರ್ಥಹಳ್ಳಿ ಅಮ್ಮ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಸುಮಾರು ಮೂರರಲ್ಲಿ ಒಬ್ಬರ ಮೂಗಿನಲ್ಲಿ ಸ್ಟ್ಯಾಫ್ ಸುಮ್ಮನೆ ಕೂತಿರುತ್ತದೆ, ಅವರಿಗೆ ಏನೂ ಆಗಿರುವುದಿಲ್ಲ. ಮೂಗಿನಿಂದ ಬೆರಳಿಗೆ, ಬೆರಳಿನಿಂದ ಕೆರೆದ ಜಾಗಕ್ಕೆ. ನಿಮ್ಮ ಮನೆಯಲ್ಲಿ ಮೂವರಿಗೆ ಬಂದಿದೆ ಅಂದರೆ ಅದು ಈಗ ಮಗನ ಕಾಯಿಲೆ ಅಲ್ಲ, ಮನೆಯ ಕಾಯಿಲೆ. ನಾನು ಒತ್ತಿ ಹೇಳಬೇಕಾದದ್ದು ಇದೊಂದೇ. ಒಬ್ಬ ಮಗುವಿಗೆ ಮಾತ್ರ ಔಷಧಿ ಹಾಕಿ ಕೂತರೆ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ್ದಾರೆ. ಮಗುವಿಗೊಂದೇ ಮೂಗಿನ ಮುಲಾಮು, ಔಷಧಿ ಸ್ನಾನ ಮಾಡಿಸಿದ ಮನೆಗಳಲ್ಲಿ ವರ್ಷದೊಳಗೆ ಶೇ. 72 ಮಕ್ಕಳಿಗೆ ಮತ್ತೆ ಸೋಂಕು ಬಂತು. ಮನೆಯವರೆಲ್ಲ ಒಟ್ಟಿಗೆ ಮಾಡಿದ ಕಡೆ ಶೇ. 52. ಪೂರ್ತಿ ನಿಂತಿತು ಅಂತ ಅಲ್ಲ, ಅದನ್ನೂ ನೋಡಿ. ಆದರೆ ವ್ಯತ್ಯಾಸ ಚಿಕ್ಕದಲ್ಲ.

ಹೇಗೆ ಮಾಡುವುದು ಅಂದರೆ, ನಿಮ್ಮ ಡಾಕ್ಟರ್ ಒಪ್ಪಿದರೆ ಮುಪಿರೋಸಿನ್ ಮುಲಾಮನ್ನು ಮನೆಯ ಎಲ್ಲರೂ ಒಂದೇ ದಿನ ಶುರು ಮಾಡಿ, ಎರಡೂ ಮೂಗಿನ ಹೊಳ್ಳೆಯ ಒಳಗೆ ದಿನಕ್ಕೆ ಎರಡು ಸಲ, ಐದು ದಿನ. ಅದೇ ಐದು ದಿನ ಕ್ಲೋರ್‌ಹೆಕ್ಸಿಡಿನ್ ಸೋಪಿನ ದ್ರಾವಣದಿಂದ ಸ್ನಾನ, ಕಣ್ಣು ಕಿವಿಗೆ ತಾಗದ ಹಾಗೆ. ಕಂಕುಳು, ತೊಡೆಸಂದಿ, ಪಿರ್ರೆ ಸಂದು ಬಿಡಬೇಡಿ. ಹಚ್ಚಿ ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ. ಈಗಿರುವ ಕುರುಗಳಿಗೆ ಮೊದಲು ಚಿಕಿತ್ಸೆ ಆಗಿ, ಸೋರುವುದು ನಿಂತ ಮೇಲೆ ಇದನ್ನು ಮಾಡುವುದು ಒಳ್ಳೆಯದು. ಅತ್ತೆಯನ್ನೂ ಒಪ್ಪಿಸಿ, ಅವರೊಬ್ಬರು ಬಿಟ್ಟುಹೋಗಬಾರದು. ತಿಂಗಳಾನುಗಟ್ಟಲೆ ಮುಪಿರೋಸಿನ್ ಹಚ್ಚಬೇಡಿ, ಅದಕ್ಕೂ ಸ್ಟ್ಯಾಫ್ ಬಗ್ಗದೆ ಹೋಗುತ್ತದೆ.

ಟವೆಲ್ ಒಬ್ಬೊಬ್ಬರಿಗೆ ಒಂದೊಂದು, ಬಣ್ಣ ಬೇರೆ ಬೇರೆ ಇರಲಿ. ದಿಂಬಿನ ಕವರು, ಚಡ್ಡಿ, ಟವೆಲ್ ಬಿಸಿನೀರಲ್ಲಿ ನೆನೆಸಿ ಒಗೆಯಿರಿ. ನಿಮ್ಮ ಕಡೆ ಬಚ್ಚಲ ಹಂಡೆಯಲ್ಲಿ ಬಿಸಿನೀರಿಗೆ ಬರ ಇಲ್ಲ. ಕಷ್ಟ ಇರುವುದು ಒಣಗಿಸುವುದರಲ್ಲಿ, ಮಳೆಗಾಲದಲ್ಲಿ ಹಸಿ ಟವೆಲನ್ನೇ ಮತ್ತೆ ಮತ್ತೆ ಬಳಸುವುದು ಆಗುತ್ತದೆ. ಒಲೆಯ ಕಾವಿಗಾದರೂ ಹಾಕಿ ಪೂರ್ತಿ ಒಣಗಿಸಿ, ಇಲ್ಲವೆಂದರೆ ಇಸ್ತ್ರಿ ಮಾಡಿ. ಒಂದೇ ಕೊಬ್ಬರಿ ಎಣ್ಣೆ ಡಬ್ಬಿಗೆ, ಒಂದೇ ಮುಲಾಮಿನ ಡಬ್ಬಿಗೆ ಎಲ್ಲರೂ ಬೆರಳು ಹಾಕುವುದನ್ನು ನಿಲ್ಲಿಸಿ. ಬಾಟಲಿಯಿಂದ ಅಂಗೈಗೆ ಸುರಿದುಕೊಳ್ಳಿ. ಉಗುರು ಕತ್ತರಿಸಿ. ಕುರುವನ್ನು ಮನೆಯಲ್ಲಿ ಹಿಂಡಬೇಡಿ.

ಮೆಡಿಕಲ್ ಶಾಪ್‌ನಲ್ಲಿ ಕೇಳಿದ ತಕ್ಷಣ ಕೊಡುವ ಕ್ರೀಮ್‌ಗಳಿವೆಯಲ್ಲ, ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಎಲ್ಲ ಸೇರಿಸಿ ಕಲಸಿದವು, ಅವನ್ನು ದಯವಿಟ್ಟು ಹಚ್ಚಬೇಡಿ. ಸ್ಟೀರಾಯ್ಡ್ ಹಚ್ಚಿದರೆ ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತದೆ, ಒಳಗೆ ಸೋಂಕು ಹರಡುತ್ತದೆ. 2014ರ ಮಾರ್ಚ್‌ನಿಂದ ಷೆಡ್ಯೂಲ್ ಎಚ್1 ಅನ್ನುವ ನಿಯಮ ಜಾರಿಯಲ್ಲಿದೆ, ಅದರ ಪಟ್ಟಿಯಲ್ಲಿರುವ ಆಂಟಿಬಯಾಟಿಕ್‌ಗಳನ್ನು ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ನಿಯಮ ಇದೆ, ಪಾಲನೆ ಎಲ್ಲಾ ಕಡೆ ಇಲ್ಲ. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಭಾರತದ 15 ಕೇಂದ್ರಗಳ ಲ್ಯಾಬ್‌ಗಳು ಒಟ್ಟು ಸೇರಿ ಲೆಕ್ಕ ಹಾಕಿದಾಗ 2008ರಲ್ಲೇ ಸ್ಟ್ಯಾಫ್ ಸ್ಯಾಂಪಲ್‌ಗಳಲ್ಲಿ ಶೇ. 42 ಎಂಆರ್‌ಎಸ್‌ಎ ಇತ್ತು. ಅವು ದೊಡ್ಡ ಆಸ್ಪತ್ರೆಗಳ ಅಂಕಿಗಳು, ಊರಿನ ಮಕ್ಕಳೆಲ್ಲರ ಲೆಕ್ಕ ಅಲ್ಲ, ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತದೆ.

*

ತೀರ್ಥಹಳ್ಳಿ ಅಮ್ಮ:

ಡಾಕ್ಟ್ರೇ, ಸಿಸ್ಟರ್, ಲ್ಯಾಬ್ ತಮ್ಮ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಿಪೋರ್ಟ್ ತೆಗೆದು ನೋಡಿದೆ, ಸೆಫಾಕ್ಸಿಟಿನ್ ಆರ್, ಕ್ಲಿಂಡಾಮೈಸಿನ್ ಎಸ್, ಡಿ ಟೆಸ್ಟ್ ನೆಗೆಟಿವ್ ಅಂತ ಇದೆ. ಸರ್ಜನ್ ಬರೆದಿರುವುದೂ ಕ್ಲಿಂಡಾಮೈಸಿನ್ನೇ.

ಇಂಗ್ಲಿಷ್ ಸೈಟುಗಳಲ್ಲಿ ಬ್ಲೀಚ್ ಹಾಕಿದ ನೀರಿನ ಟಬ್‌ನಲ್ಲಿ ಮಗುವನ್ನು ಕೂರಿಸಿ ಅಂತ ಇದೆ. ನಮ್ಮಲ್ಲಿ ಟಬ್ ಇಲ್ಲ, ಬಕೆಟ್ ಸ್ನಾನ. ಬ್ಲೀಚಿಂಗ್ ಪೌಡರ್ ಹಾಕಬಹುದಾ? ಮತ್ತೆ ಮಗನ ಬೆರಳ ಸಂದಿಯಲ್ಲಿ ರಾತ್ರಿ ತುಂಬಾ ತುರಿಕೆ ಇದೆ, ಅದೂ ಇದರದ್ದೇನಾ?

*

ಪಿಟಿ ಮೇಷ್ಟ್ರು:

ಡಾಕ್ಟರ್ ಉತ್ತರ ಕೊಡುವ ಮೊದಲು ನನ್ನದೊಂದು ಮಾತು. ವಸತಿ ಶಾಲೆಯಲ್ಲಿ ದೈಹಿಕ ಶಿಕ್ಷಕ ನಾನು. ಬೆರಳ ಸಂದಿ, ರಾತ್ರಿ ತುರಿಕೆ ಅಂದ ತಕ್ಷಣ ನನಗೆ ನೆನಪಾದದ್ದು ಕಜ್ಜಿ. ನಮ್ಮ ಹಾಸ್ಟೆಲ್‌ನಲ್ಲಿ ಕುರುಗಳು ಸಾಲಾಗಿ ಬಂದಾಗ ಆರೋಗ್ಯ ಇಲಾಖೆಯಿಂದ ಬಂದ ಮೇಡಂ ಮೊದಲು ನೋಡಿದ್ದು ಹುಡುಗರ ಬೆರಳ ಸಂದಿ ಮತ್ತು ಮಣಿಕಟ್ಟನ್ನೇ. ಹೆಚ್ಚಿನವರಿಗೆ ಕಜ್ಜಿ ಇತ್ತು, ಕೆರೆದ ಗಾಯದಲ್ಲಿ ಕೀವು ತುಂಬಿತ್ತು.

ಕಬಡ್ಡಿ ಆಡುವ ಹುಡುಗರಲ್ಲಿ ಜಾಸ್ತಿ ಕಾಣುತ್ತದೆ. ಮೈಗೆ ಮೈ ತಾಗುತ್ತದೆ, ಮಂಡಿ ಮೊಣಕೈ ತರಚಿರುತ್ತದೆ, ಆಟ ಮುಗಿದ ಮೇಲೆ ಒಂದೇ ಟವೆಲ್ ಕೈಯಿಂದ ಕೈಗೆ ಹೋಗುತ್ತದೆ. ಈಗ ನಾನು ಮ್ಯಾಟ್‌ಗೆ ಇಳಿಯುವ ಮೊದಲು ಮೈ ನೋಡುತ್ತೇನೆ, ತೆರೆದ ಗಾಯ ಇದ್ದರೆ ಮುಚ್ಚಿಸುತ್ತೇನೆ, ಮುಚ್ಚಲಿಕ್ಕೆ ಆಗದಂಥದ್ದು ಇದ್ದರೆ ಅವತ್ತು ಕಬಡ್ಡಿ ಬೇಡ, ಸ್ಕೋರ್ ಬರೆಯಲಿ. ಆಟ ಆದ ಕೂಡಲೇ ಸೋಪು ಹಾಕಿ ಸ್ನಾನ. ಜೆರ್ಸಿ ಬದಲಾಯಿಸಿಕೊಂಡು ಹಾಕುವುದನ್ನು ನಿಲ್ಲಿಸಿದ್ದೇವೆ.

ಅಮ್ಮ, ಶಾಲೆಗೆ ಖಂಡಿತ ಹೇಳಿ. ಆದರೆ ಕ್ಲಾಸಿನ ಬಾಗಿಲಲ್ಲಿ ನಿಂತು ಹೇಳಬೇಡಿ, ಟೀಚರ್ ಒಬ್ಬರಿಗೇ ಹೇಳಿ. ಹೆಸರು ಹೊರಗೆ ಬಿದ್ದರೆ ಮಕ್ಕಳು ಆ ಹುಡುಗನ ಪಕ್ಕ ಊಟಕ್ಕೂ ಕೂರುವುದಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಆ ನೋವು ಕುರುವಿಗಿಂತ ಜಾಸ್ತಿ ದಿನ ಇರುತ್ತದೆ.

*

ಹುಬ್ಬಳ್ಳಿ ಮಕ್ಕಳ ಡಾಕ್ಟರ್:

ಮೇಷ್ಟ್ರು ಸರಿಯಾಗಿ ಹಿಡಿದಿದ್ದಾರೆ. ಕಜ್ಜಿ ಇದೆಯಾ ಅಂತ ಮೊದಲು ತೋರಿಸಿ. ಇದ್ದರೆ ಪರ್ಮೆಥ್ರಿನ್ ಕ್ರೀಮ್ ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು, ಒಂದು ವಾರ ಕಳೆದು ಮತ್ತೊಮ್ಮೆ. ಫಿಜಿ ದ್ವೀಪಗಳಲ್ಲಿ ಊರಿನವರಿಗೆಲ್ಲ ಕಜ್ಜಿಗೆ ಐವರ್‌ಮೆಕ್ಟಿನ್ ಮಾತ್ರೆ ಕೊಟ್ಟು ನೋಡಿದ್ದರು, 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಕಜ್ಜಿ ಶೇ. 32.1ರಿಂದ 1.9ಕ್ಕೆ ಇಳಿಯಿತು, ಅದರ ಜೊತೆಗೇ ಚರ್ಮದ ಕೀವುಗುಳ್ಳೆ ಶೇ. 24.6ರಿಂದ 8ಕ್ಕೆ. ಕೀವಿಗೆ ಅಂತ ಊರಿಗೆಲ್ಲ ಬೇರೆ ಔಷಧಿ ಹಂಚದೆ ಇಷ್ಟು ಇಳಿದದ್ದು. ತುರಿಕೆ ನಿಂತರೆ ಗಾಯ ಆಗುವುದು ನಿಲ್ಲುತ್ತದೆ, ಒಳಗೆ ಹೋಗಲಿಕ್ಕೆ ಸ್ಟ್ಯಾಫ್‌ಗೆ ದಾರಿ ಸಿಗುವುದಿಲ್ಲ.

ಬ್ಲೀಚಿಂಗ್ ಪೌಡರ್ ಬೇಡವೇ ಬೇಡ. ಅದರ ಕಸುವು ಎಷ್ಟಿದೆ ಅಂತ ಅಳೆಯಲಿಕ್ಕೆ ಮನೆಯಲ್ಲಿ ಆಗುವುದಿಲ್ಲ, ಮಗುವಿನ ಚರ್ಮ, ಕಣ್ಣು ಸುಡಬಹುದು. ಬಕೆಟ್ ಸ್ನಾನಕ್ಕೆ ಕ್ಲೋರ್‌ಹೆಕ್ಸಿಡಿನ್ ಸಾಕು.

ಶಾಲೆಗೆ ಕಳಿಸಬಹುದು. ಗಾಯ ಪೂರ್ತಿ ಮುಚ್ಚಿರಬೇಕು, ಬ್ಯಾಂಡೇಜಿನಿಂದ ಕೀವು ಹೊರಗೆ ಒಸರಬಾರದು, ಜ್ವರ ಇರಬಾರದು, ಅಷ್ಟೇ. ಪಕ್ಕದ ಮನೆಯವರಿಗೂ ಇದನ್ನೇ ಹೇಳಿ.

ನಾದಿನಿ ಬರುವುದರೊಳಗೆ ನಿಮ್ಮ ಮನೆಯವರ ಕುರುಗಳು ಮಾಯ್ದು, ಆ ಐದು ದಿನದ ಕೆಲಸ ಮುಗಿದಿರಲಿ. ಅವರ ಹೆರಿಗೆ ಡಾಕ್ಟರ್‌ಗೂ ಮುಂಚೆಯೇ ವಿಷಯ ಹೇಳಿಡಿ. ಕೂಸನ್ನು ಎತ್ತಿಕೊಳ್ಳುವವರು ಮೊದಲು ಸೋಪಿನಲ್ಲಿ ಕೈ ತೊಳೆಯಲಿ, ಕುರು ಇರುವವರು ವಾಸಿ ಆಗುವವರೆಗೆ ಎತ್ತಿಕೊಳ್ಳುವುದು ಬೇಡ. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಶಿನ ಏನನ್ನೂ ಹಚ್ಚಬೇಡಿ, ಒಣಗಿರಲಿ. ತೊಡೆಸಂದಿ, ಕಂಕುಳು, ಕುತ್ತಿಗೆ ಮಡಿಕೆಯಲ್ಲಿ ಒಂದು ಚಿಕ್ಕ ಕೀವುಗುಳ್ಳೆ ಕಂಡರೂ ತಿಂಗಳೊಳಗಿನ ಕೂಸನ್ನು ಅವತ್ತೇ ಡಾಕ್ಟರ್‌ಗೆ ತೋರಿಸಿ. ಬಾಣಂತಿಯ ಎದೆ ಕೆಂಪಾಗಿ, ಗಟ್ಟಿಯಾಗಿ, ಚಳಿಜ್ವರ ಬಂದರೆ ಅದಕ್ಕೂ ಕಾಯಬೇಡಿ. ಹಾಲುಣಿಸುವುದನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಮಗನ ವಿಷಯದಲ್ಲಿ, ಕುರು ಬಂದು ಹೋದ ಕೆಲವು ದಿನಕ್ಕೆ ಜ್ವರ ಬಂದು ಕುಂಟತೊಡಗಿದರೆ, ಅಥವಾ ಒಂದು ಕೈಯನ್ನೋ ಕಾಲನ್ನೋ ಅಲ್ಲಾಡಿಸಲಿಕ್ಕೆ ಬಿಡದಿದ್ದರೆ, ಆಟದಲ್ಲಿ ಬಿದ್ದಿರಬೇಕು ಅಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮೂಳೆಗೆ, ಕೀಲಿಗೆ ಸೋಂಕು ಇಳಿದಿರಬಹುದು, ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು. ಫ್ಲೂ ಜ್ವರ ಇಳಿಯುತ್ತಾ ಬಂದ ಮೇಲೆ ಮತ್ತೆ ಜೋರು ಜ್ವರ ಬಂದು ಉಸಿರು ಏದುಸಿರಾದರೂ ಹಾಗೆಯೇ. ಮೂಗಿನ ಪಕ್ಕ, ಕಣ್ಣಿನ ಹತ್ತಿರ ಕುರು ಎದ್ದರೆ ಮುಟ್ಟದೆ ಕರೆದುಕೊಂಡು ಬನ್ನಿ. ಬರುವಾಗ ಈ ಕಲ್ಚರ್ ರಿಪೋರ್ಟ್ ಜೊತೆಗಿರಲಿ, ಡ್ಯೂಟಿಯಲ್ಲಿರುವ ಡಾಕ್ಟರ್‌ಗೆ ಮೊದಲು ಅದನ್ನು ತೋರಿಸಿ. ಫೋನಿನಲ್ಲಿ ಫೋಟೋ ತೆಗೆದು ಮನೆಯವರ ಎಲ್ಲರ ಹತ್ತಿರವೂ ಒಂದೊಂದು ಇಟ್ಟಿರಿ.